ತಗಡಿನ ಕೊಳಲು

ಊರು ಬಿಟ್ಟು ಹೋಗುವವನು ತನ್ನ ಹೊಲವನ್ನು ಹೊತ್ತೊಯ್ಯಲಾರ, ಮನೆಯನ್ನೂ ಹೊತ್ತೊಯ್ಯಲಾರ. ಆದರೆ ಹಾಡನ್ನು ಒಯ್ಯಲು ಚೀಲ ಬೇಡ. ಅದಕ್ಕೆ ಸುಂಕವೂ ಇಲ್ಲ. ಪರನಾಡಿನ ಬಾಡಿಗೆಯ ಕೋಣೆಯಲ್ಲಿ, ದುಡಿದು ದಣಿದ ಸಂಜೆಯಲ್ಲಿ, ಆ ಹಾಡೇ ಅವನಿಗೆ ಹೊಲ, ಅದೇ ಅವನಿಗೆ ಮನೆ. ಆದರೆ ಅವನ ಮಕ್ಕಳ ಪಾಡೇನು? ಅವರು ಬೆಳೆಯುವುದು ಬೇರೆ ಬೀದಿಯಲ್ಲಿ. ಅವರ ಕಿವಿಗೆ ಬೀಳುವುದು ಬೇರೆ ಹಾಡು. ತಂದೆಯ ಹಾಡು ಅವರ ಪಾಲಿಗೆ ಆಸ್ತಿಯೋ, ಹೊರೆಯೋ? ಈ ಪ್ರಶ್ನೆಗೆ ಲಂಡನ್ ನಗರದ ಕೆಲವು ತರುಣರು ಒಂದು ಸಂಜೆ ಹಾಡಿಯೇ ಉತ್ತರ ಕೊಟ್ಟರು.

ಐರ್ಲೆಂಡ್ ಒಂದು ಚಿಕ್ಕ ದ್ವೀಪ. 1845ರಲ್ಲಿ ಅಲ್ಲಿನ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿತು. ಅದರಿಂದುಂಟಾದ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಮಂದಿ ಹಡಗು ಹತ್ತಿದರು. ಕ್ಷಾಮ ಮುಗಿದರೂ ವಲಸೆ ಮುಗಿಯಲಿಲ್ಲ. 1950ರ ದಶಕವೊಂದರಲ್ಲೇ ಸುಮಾರು 4 ಲಕ್ಷ ಜನ ತಾಯ್ನಾಡನ್ನು ತೊರೆದರು. ಅವರಲ್ಲಿ ಬಹುಮಂದಿ ಸೇರಿದ್ದು ಇಂಗ್ಲೆಂಡನ್ನು. ಅಲ್ಲಿ ಅವರು ರಸ್ತೆ ಅಗೆದರು, ಸುರಂಗ ಕೊರೆದರು, ಆಸ್ಪತ್ರೆಗಳಲ್ಲಿ ರೋಗಿಗಳ ಆರೈಕೆ ಮಾಡಿದರು. ಬಿಡುವಿನ ದಿನ ಕ್ಯಾಮ್ಡನ್, ಕಿಲ್ಬರ್ನ್ ಬಡಾವಣೆಗಳ ಪಾನಗೃಹಗಳಲ್ಲಿ ಸೇರಿ ಪಿಟೀಲು, ಬ್ಯಾಂಜೊ, ತಗಡಿನ ಕೊಳಲುಗಳನ್ನು ನುಡಿಸಿದರು. ತಗಡಿನ ಕೊಳಲೆಂಬುದು ಆರು ತೂತುಗಳ ಪುಟ್ಟ ವಾದ್ಯ. ಬಡವನ ಜೇಬಿನಲ್ಲಿ ಅದು ಹಿಡಿಸುತ್ತದೆ. ಅದರ ಬೆಲೆಯೂ ಅವನ ಜೇಬಿಗೆ ಹಿಡಿಸುವಂಥದು.

ಇಂಥ ವಲಸೆಗಾರ ದಂಪತಿಗಳಿಗೆ 1957ರ ಕ್ರಿಸ್‌ಮಸ್ ದಿನ ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಹುಟ್ಟಿದ ಮಗ ಶೇನ್ ಮೆಗವನ್. ಬಾಲ್ಯದ ಕೆಲವು ಕಾಲವನ್ನು ಆತ ಕಳೆದದ್ದು ಐರ್ಲೆಂಡಿನ ಟಿಪ್ಪರೇರಿಯಲ್ಲಿ, ತಾಯಿಯ ತವರಿನ ರೈತ ಮನೆಯಲ್ಲಿ. ಅಲ್ಲಿ ಹಾಡೆಂಬುದು ಕಲಿಯಬೇಕಾದ ವಿದ್ಯೆಯಾಗಿರಲಿಲ್ಲ. ಊಟದಂತೆ, ಮಾತಿನಂತೆ ಮನೆಯೊಳಗೇ ಇತ್ತು. ಬಳಿಕ ಲಂಡನ್ನಿನ ಬದುಕು ಮೊದಲಾಯಿತು. 1976ರ ಹೊತ್ತಿಗೆ ಆ ನಗರದಲ್ಲಿ ‘ಪಂಕ್’ ಎಂಬ ಹೊಸ ಸಂಗೀತ ಭುಗಿಲೆದ್ದಿತು. ಪಾಂಡಿತ್ಯ ಬೇಡ, ದುಬಾರಿ ವಾದ್ಯ ಬೇಡ. ಹೇಳುವ ಮಾತೊಂದು ಎದೆಯಲ್ಲಿದ್ದರೆ ವೇದಿಕೆ ಹತ್ತಬಹುದು ಎಂಬುದೇ ಅದರ ಸಿದ್ಧಾಂತ. ಹಳ್ಳಿಯ ಹಾಡು ಕಿವಿಯಲ್ಲಿದ್ದ ಮೆಗವನ್ ಈ ಅಬ್ಬರದೊಳಗೆ ಧುಮುಕಿದ.

ಅಬ್ಬರದ ಸಂಗೀತ ತಣ್ಣಗಾಗುತ್ತ ಬಂದಾಗ ಆತನಿಗೂ ಅವನ ಗೆಳೆಯರಿಗೂ ಒಂದು ಯೋಚನೆ ಹೊಳೆಯಿತು. ಹಿರಿಯರ ಹಾಡನ್ನು ಪಂಕ್‌ನ ವೇಗದಲ್ಲಿ, ಪಂಕ್‌ನ ಸಿಟ್ಟಿನಲ್ಲಿ ಏಕೆ ಹಾಡಬಾರದು? ಸ್ಪೈಡರ್ ಸ್ಟೇಸಿ ತಗಡಿನ ಕೊಳಲನ್ನು ಕೈಗೆತ್ತಿಕೊಂಡ. ಜೆಮ್ ಫೈನರ್ ಬ್ಯಾಂಜೊ ಹಿಡಿದ. ಗಿಟಾರ್ ನುಡಿಸುತ್ತಿದ್ದ ಜೇಮ್ಸ್ ಫರ್ನ್ಲಿಯ ಕೊರಳಿಗೆ ಅಕಾರ್ಡಿಯನ್ ಬಿತ್ತು. ಮೇಳಕ್ಕೆ ಅವರಿಟ್ಟ ಹೆಸರು ‘ಪೋಗ್ ಮಹೋನ್’. ಐರಿಷ್ ಬಲ್ಲವರಿಗೆ ಅದು ಒರಟು ಬೈಗುಳ. ಬಾರದವರಿಗೆ ಬಲು ಸೊಗಸಾದ ಹೆಸರು. 1984ರಲ್ಲಿ ಬಿ.ಬಿ.ಸಿ.ಗೆ ದೂರು ಹೋದ ಮೇಲೆ ಅದು ‘ದಿ ಪೋಗ್ಸ್’ ಎಂದು ಮೊಟಕಾಯಿತು.

ಆದರೆ ಲಂಡನ್ನಿನಲ್ಲಿ ಐರಿಷ್ ಹಾಡು ಹಾಡುವುದು ಆಗ ಸುಲಭದ ಕೆಲಸವಾಗಿರಲಿಲ್ಲ. ಉತ್ತರ ಐರ್ಲೆಂಡಿನ ಕಲಹದ ಕಿಡಿಗಳು ಇಂಗ್ಲೆಂಡಿನ ನಗರಗಳ ಮೇಲೂ ಬೀಳುತ್ತಿದ್ದವು. 1974ರಲ್ಲಿ ಬರ್ಮಿಂಗ್‌ಹ್ಯಾಮಿನ ಎರಡು ಪಾನಗೃಹಗಳಲ್ಲಿ ಬಾಂಬು ಸಿಡಿದು 21 ಮಂದಿ ಸತ್ತಿದ್ದರು. 1982ರ ಜುಲೈ 20ರಂದು ಲಂಡನ್ನಿನ ಎರಡು ಉದ್ಯಾನಗಳಲ್ಲಿ ಸ್ಫೋಟಗಳಾದವು. ಎರಡನೆಯದು ಸಿಡಿದದ್ದು ವಾದ್ಯವೇದಿಕೆಯ ಕೆಳಗೆ. ಸೈನ್ಯದ ವಾದ್ಯಮೇಳ ಜನರ ಮುಂದೆ ನುಡಿಸುತ್ತಿದ್ದ ಹೊತ್ತಿನಲ್ಲಿಯೇ. ಅಂದು ಒಟ್ಟು 11 ಸೈನಿಕರು ಬಲಿಯಾದರು. ಅವರಲ್ಲಿ 7 ಮಂದಿ ವಾದ್ಯಗಾರರು. ಕೆಲವರ ಪಾತಕಕ್ಕೆ ಒಂದು ಜನಾಂಗವೇ ತಲೆ ತಗ್ಗಿಸಬೇಕಾಯಿತು. ಐರಿಷ್ ಉಚ್ಚಾರಣೆ ಕೇಳಿಸಿದರೆ ಜನ ತಿರುಗಿ ನೋಡುವ ಕಾಲವದು. ಹಿಂದಿನ ವರ್ಷ ಮೆಗವನ್ ಮತ್ತು ಸ್ಟೇಸಿ ಸೋಹೋ ಬಡಾವಣೆಯ ಕ್ಲಬ್ಬೊಂದರಲ್ಲಿ ಐರಿಷ್ ಹಾಡುಗಳನ್ನು ಹಾಡಿದಾಗ ಸಭೆಯಲ್ಲಿದ್ದ ಸೈನಿಕರು ಅವರ ಮೇಲೆ ಹುರಿದ ಆಲೂಗೆಡ್ಡೆಯ ತುಂಡುಗಳನ್ನು ಎಸೆದರಂತೆ. ಆಲೂಗೆಡ್ಡೆ ಇಲ್ಲದೆ ನಾಡು ಬಿಟ್ಟವರ ಮಕ್ಕಳಿಗೆ ಆಲೂಗೆಡ್ಡೆಯಿಂದಲೇ ಪೂಜೆ!

ಉದ್ಯಾನದ ಸ್ಫೋಟವಾಗಿ ಎರಡೂವರೆ ತಿಂಗಳಾಗಿತ್ತು. 1982ರ ಅಕ್ಟೋಬರ್ 4ರಂದು ಪೋಗ್ ಮಹೋನ್ ಮೇಳ ಮೊದಲ ಬಾರಿಗೆ ಆ ಹೆಸರಿನಲ್ಲಿ ಸಭೆಯ ಮುಂದೆ ನಿಂತಿತು. ಕಿಂಗ್ಸ್ ಕ್ರಾಸ್ ಬಡಾವಣೆಯ ‘ಪಿಂಡರ್ ಆಫ್ ವೇಕ್‌ಫೀಲ್ಡ್’ ಎಂಬ ಪಾನಗೃಹ ಅದರ ರಂಗಸ್ಥಳ. ಆ ಜಾಗಕ್ಕೂ ಜಾನಪದ ಸಂಗೀತಕ್ಕೂ ಹಳೆಯ ನಂಟು. ಇಪ್ಪತ್ತು ವರ್ಷಗಳ ಹಿಂದೆ ಯೂಅನ್ ಮೆಕಾಲ್ ಎಂಬ ಹೆಸರಾಂತ ಗಾಯಕನ ‘ಸಿಂಗರ್ಸ್ ಕ್ಲಬ್’ ಅಲ್ಲಿ ಸೇರುತ್ತಿತ್ತು. ಬಾಬ್ ಡಿಲನ್ 1962ರ ಡಿಸೆಂಬರಿನಲ್ಲಿ ಅಲ್ಲಿ ಹಾಡಿದ್ದ. ಪ್ರತಿಯೊಬ್ಬನೂ ತನ್ನ ನಾಡಿನ, ತನ್ನ ನುಡಿಯ ಹಾಡನ್ನೇ ಹಾಡಬೇಕು ಎಂಬುದು ಆ ಕ್ಲಬ್ಬಿನ ಕಟ್ಟುಪಾಡು. ಕಟ್ಟುಪಾಡು ಒಳ್ಳೆಯದೇ. ಆದರೆ ಇಂಗ್ಲೆಂಡಿನಲ್ಲಿ ಹುಟ್ಟಿದ ಐರಿಷ್ ಹುಡುಗನ ನಾಡು ಯಾವುದು? ಅವನ ಹಾಡು ಯಾವುದು? ಮೇಳದಲ್ಲಿದ್ದ ಎಲ್ಲರೂ ಐರಿಷ್ ಮೂಲದವರೂ ಆಗಿರಲಿಲ್ಲ. ಈ ತರುಣರು ಯಾರ ಅಪ್ಪಣೆಯನ್ನೂ ಕೇಳದೆ, ಎರಡು ನಾಡುಗಳ ನಡುವೆ ನಿಂತು, ತಮ್ಮದೇ ದನಿಯಲ್ಲಿ ಹಾಡಿದರು.

ಮರುದಿನ ಲೋಕವೇನೂ ಬದಲಾಗಲಿಲ್ಲ. ಮೊದಲ ಹಾಡಿಕೆಯ ಮರುದಿನ ಯಾರ ಲೋಕವೂ ಬದಲಾಗುವುದಿಲ್ಲ. ಬದಲಾಗುವುದು ಹಾಡಿದವನು ಮಾತ್ರ. ಅಡಗಿಸಿಡಬೇಕಾದ ಗುಟ್ಟೆಂದು ತಾನು ತಿಳಿದದ್ದನ್ನು ಹತ್ತು ಜನರ ಮುಂದೆ ಹೇಳಿ ಬಂದವನಿಗೆ ಮತ್ತೆ ಅಡಗುವ ಅಗತ್ಯವಿಲ್ಲ.

ಮುಂದೆ ಮೇಳ ಬೆಳೆಯಿತು. ಸ್ಟೇಸಿ ಪಾನಗೃಹದ ತಟ್ಟೆಯೊಂದನ್ನು ತನ್ನ ತಲೆಗೇ ಬಡಿದುಕೊಂಡು ತಾಳ ಹಾಕುತ್ತಿದ್ದ, ಕೇಳುಗರು ಕುಣಿಯುತ್ತಿದ್ದರು. 1984ರಲ್ಲಿ ಬಂದ ಮೊದಲ ಧ್ವನಿಮುದ್ರಿಕೆಯಲ್ಲಿ ಹಳೆಯ ಹಾಡುಗಳ ಪಕ್ಕದಲ್ಲಿ ಮೆಗವನ್ ರಚಿಸಿದ ಹೊಸ ಹಾಡುಗಳು ಸಂಕೋಚವಿಲ್ಲದೆ ಕುಳಿತವು.

ಹಿರಿಯರಿಗೆ ಇದು ಹಿಡಿಸಿತೆ? ಎಲ್ಲರಿಗೂ ಹಿಡಿಸಲಿಲ್ಲ. 1985ರಲ್ಲಿ ಐರ್ಲೆಂಡಿನ ಬಾನುಲಿಯ ಚರ್ಚೆಯೊಂದರಲ್ಲಿ ಸಂಪ್ರದಾಯದ ವಾದಕರೊಬ್ಬರು ಮೇಳವನ್ನು ಕಟುವಾಗಿ ಖಂಡಿಸಿದರು. ಅವರ ನೋವನ್ನು ತಳ್ಳಿಹಾಕುವಂತಿಲ್ಲ. ತಲೆಮಾರುಗಳು ಕಾಪಾಡಿಕೊಂಡು ಬಂದ ರಾಗವನ್ನು ಯಾರೋ ಕಿರುಚಿ ಹಾಡಿದರೆ ಯಾರಿಗೆ ತಾನೆ ಎದೆ ನೋಯದು? ಆದರೆ ಹಾಡನ್ನು ಕಾಯುವವರು ಇರಬೇಕಾದಂತೆ, ಅದನ್ನು ಬೀದಿಗೆ ಕರೆತರುವವರೂ ಇರಬೇಕು. ಕಣಜದ ಬೀಜ ಕಣಜದಲ್ಲೇ ಉಳಿದರೆ ಅದು ಭದ್ರ, ನಿಜ, ಆದರೆ ಬೆಳೆಯಾಗದು. ಎರಡು ವರ್ಷದೊಳಗೆ ಹಿರಿಯರ ಕಡೆಯಿಂದಲೇ ಇದಕ್ಕೆ ಒಪ್ಪಿಗೆ ದೊರೆಯಿತು. 1962ರಿಂದ ಐರಿಷ್ ಹಾಡಿಗೆ ಹೆಸರಾಗಿದ್ದ ‘ದಿ ಡಬ್ಲಿನರ್ಸ್’ ಮೇಳ 1987ರಲ್ಲಿ ಇದೇ ಪೋಗ್ಸ್ ತರುಣರ ಜೊತೆಗೂಡಿ ‘ದಿ ಐರಿಷ್ ರೋವರ್’ ಎಂಬ ಹಳೆಯ ಹಾಡನ್ನು ಮುದ್ರಿಸಿತು. ಅದೇ ವರ್ಷ ವಲಸೆಗಾರ ಜೋಡಿಯ ಕನಸು ಮುರಿದ ಕಥೆಯನ್ನು ಹೇಳುವ ‘ಫೇರಿಟೇಲ್ ಆಫ್ ನ್ಯೂಯಾರ್ಕ್’ ಹೊರಬಂತು. ಮೆಗವನ್ನನೊಡನೆ ಅದನ್ನು ಹಾಡಿದ ಗಾಯಕಿ ಕರ್ಸ್ಟಿ ಮೆಕಾಲ್. ಕಟ್ಟುಪಾಡು ಹಾಕಿದ್ದ ಯೂಅನ್ ಮೆಕಾಲನ ಮಗಳು!

ಈ ಹಾಡುಗಾರರು ಕೇವಲ ಕುಣಿಸಲಿಲ್ಲ. ಬರ್ಮಿಂಗ್‌ಹ್ಯಾಮ್ ಸ್ಫೋಟಕ್ಕಾಗಿ ನಿರಪರಾಧಿಗಳಾದ ಆರು ಮಂದಿ ಐರಿಷರು ಸೆರೆಮನೆಯಲ್ಲಿದ್ದರು. ಅವರ ಪರವಾಗಿ 1988ರಲ್ಲಿ ಪೋಗ್ಸ್ ಹಾಡಿದ ಹಾಡಿನ ಪ್ರಸಾರಕ್ಕೆ ನಿಷೇಧ ಬಂತು. 1991ರಲ್ಲಿ ನ್ಯಾಯಾಲಯ ಆ ಆರು ಮಂದಿಯನ್ನು ಬಿಡುಗಡೆ ಮಾಡಿತು. ಅಷ್ಟರಲ್ಲಿ ಅವರ ಬಾಳಿನ 16 ವರ್ಷಗಳು ಸೆರೆಯಲ್ಲಿ ಸವೆದಿದ್ದವು.

ಮೆಗವನ್ನನ ಬದುಕು ಅವನ ಹಾಡಿನಷ್ಟು ಗಟ್ಟಿಯಾಗಿ ಉಳಿಯಲಿಲ್ಲ. ಕುಡಿತ ಆತನನ್ನು ಒಳಗಿನಿಂದ ತಿಂದಿತು. 1991ರಲ್ಲಿ ತಾನು ಕಟ್ಟಿದ ಮೇಳದಿಂದಲೇ ಆತ ಹೊರಬೀಳಬೇಕಾಯಿತು. ಪ್ರತಿಭೆಯೊಂದೇ ಮನುಷ್ಯನನ್ನು ಕಾಯಲಾರದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೂ ನಾಡು ಆತನನ್ನು ಮರೆಯಲಿಲ್ಲ. 2018ರಲ್ಲಿ, ಆತನಿಗೆ ಅರವತ್ತು ತುಂಬಿದ ಸಂದರ್ಭದಲ್ಲಿ, ಡಬ್ಲಿನ್ ನಗರದ ಸಭೆಯಲ್ಲಿ ಐರ್ಲೆಂಡಿನ ಅಧ್ಯಕ್ಷರೇ ಗೌರವ ಸಲ್ಲಿಸಿದರು. 2023ರ ನವೆಂಬರ್ 30ರಂದು ಆತ ತೀರಿಕೊಂಡ. ಟಿಪ್ಪರೇರಿಯ ನೀನಾ ಪಟ್ಟಣದ ಇಗರ್ಜಿಯಲ್ಲಿ ಅಂತ್ಯಸಂಸ್ಕಾರದ ಪೂಜೆ ನಡೆದಾಗ ಗೆಳೆಯರು ಅವನ ಹಾಡನ್ನು ಹಾಡಿದರು. ಬಂಧುಗಳು ಕಣ್ಣೀರಿನ ನಡುವೆಯೇ ಎದ್ದು ಕುಣಿದರು.

ಪರನಾಡಿನಲ್ಲಿ ಹುಟ್ಟಿದ ಮಗ ತಾಯಿಯ ಊರಿಗೆ ಹೀಗೆ ಮರಳಿದ. ಅವನನ್ನು ಅಲ್ಲಿಗೆ ಕರೆತಂದದ್ದು ಹಾಡು. ತಂದೆಯ ಹಾಡು ಮಗನಿಗೆ ಆಸ್ತಿಯೋ, ಹೊರೆಯೋ? ಪೆಟ್ಟಿಗೆಯಲ್ಲಿಟ್ಟು ಹೊತ್ತರೆ ಅದು ಹೊರೆ. ತುಟಿಗಿಟ್ಟು ತನ್ನ ಉಸಿರನ್ನು ತುಂಬಿದರೆ, ತಗಡಿನ ಕೊಳಲೂ ನುಡಿಯುತ್ತದೆ.