‘ಅದು ಬರೀ ಪೇಪರ್ ಮದುವೆ ಕಣವ್ವ’

ಕಾನೂನಿನ ಲೆಕ್ಕದಲ್ಲಿ ನಾನು ಯಾರ ಹೆಂಡತಿಯೂ ಅಲ್ಲ. 2022ರ ಬೇಸಿಗೆಯಲ್ಲಿ ಶ್ರೀರಂಗಪಟ್ಟಣದ ಕಲ್ಯಾಣ ಮಂಟಪವೊಂದರಲ್ಲಿ ನೆಂಟರಿಷ್ಟರ ಮುಂದೆ ನನಗೆ ತಾಳಿ ಕಟ್ಟಿದ್ದು ನಿಜ. ನಾಗಮಂಗಲ ತಾಲ್ಲೂಕಿನ ಗಂಡಿನ ಊರಲ್ಲಿ ಬೀಗರೂಟಕ್ಕೆ ಮರಿ ಕಡಿದದ್ದೂ ನಿಜ. ಆದರೆ ಆ ಹೊತ್ತಿಗೆ ಆತನಿಗೆ ಅಮೆರಿಕದಲ್ಲಿ ಇನ್ನೊಬ್ಬ ಹೆಂಡತಿ ಇದ್ದಳು, ಗ್ರೀನ್ ಕಾರ್ಡಿಗಾಗಿ ದುಡ್ಡು ಕೊಟ್ಟು ಕಟ್ಟಿಕೊಂಡವಳು. ಇದನ್ನು ಬರೆಯಲು ನಮ್ಮ ವಕೀಲರು ಒಪ್ಪಿದ್ದಾರೆ. ಕೇಸು ನಡೆಯುತ್ತಿರುವುದರಿಂದ ಹೆಸರು ಮಾತ್ರ ಯಾರದ್ದೂ ಬೇಡ ಅಂದಿದ್ದಾರೆ.

ನಮ್ಮದು ಪಾಂಡವಪುರ ತಾಲ್ಲೂಕು, ವಿ.ಸಿ. ನಾಲೆ ಬಯಲಿನ ಹಳ್ಳಿ. ಅಪ್ಪನಿಗೆ ಕಬ್ಬು, ಭತ್ತ. ನಾನು ಬಿ.ಎಸ್ಸಿ., ಬಿ.ಇಡಿ. ಮುಗಿಸಿ ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ನಮ್ಮ ಜಿಲ್ಲೆಯಲ್ಲಿ ಬೇಸಾಯದ ಹುಡುಗರಿಗೆ ಹೆಣ್ಣು ಕೊಡುವವರಿಲ್ಲ. 2023ರ ಫೆಬ್ರುವರಿಯಲ್ಲಿ ಮದುವೆಯಾಗದ ಹುಡುಗರು ಕೆ.ಎಂ.ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ಎಷ್ಟೋ ಜನ ನಗಾಡಿದರು. ನನಗಂತೂ ನಗು ಬರಲಿಲ್ಲ. ಹೆಣ್ಣು ಹೆತ್ತವರು ಬೆಂಗಳೂರು, ಅದಕ್ಕಿಂತ ಮೇಲೆ ಅಮೆರಿಕ ಅಂತ ಕಣ್ಣಿಟ್ಟಿರುತ್ತಾರೆ. ಬ್ರೋಕರುಗಳಿಗೂ ಅದು ಗೊತ್ತು.

ಗಂಡಿನ ಕಡೆಯವರು ಮೊದಲ ಮಾತಿಗೇ ಗ್ರೀನ್ ಕಾರ್ಡಿನ ಫೋಟೊವನ್ನು ಅಪ್ಪನ ವಾಟ್ಸ್‌ಆ್ಯಪ್‌ಗೆ ಕಳಿಸಿದರು. ಇಂಗ್ಲಿಷ್ ಓದಲು ಬಾರದ ಅಪ್ಪ ಅದನ್ನು ಊರಲ್ಲಿ ಕಂಡವರಿಗೆಲ್ಲ ತೋರಿಸಿದರು. ಲಗ್ನಪತ್ರಿಕೆಯಲ್ಲಿ ಆತನನ್ನು ಮನೆಯಲ್ಲಿ ಕರೆಯುವ ಹೆಸರನ್ನು ಹಾಕಿಸಿದ್ದರು, ಪಾಸ್‌ಪೋರ್ಟಿನ ಹೆಸರು ಬೇರೆ. ಮದುವೆಯ ಫೋಟೊ ಸ್ಟೇಟಸ್ಸಿಗೆ ಹಾಕಬೇಡಿ, ಕಣ್ಣು ಬೀಳುತ್ತದೆ ಅಂದರು. ಮದುವೆ ನೋಂದಣಿ ಮಾಡಿಸೋಣ ಎಂದು ಅಪ್ಪ ಕೇಳಿದ್ದಕ್ಕೆ, ‘ಅದೆಲ್ಲ ಅಮೆರಿಕದಲ್ಲೇ ಆಯ್ತದೆ ಬುಡಿ ಬೀಗ್ರೆ’ ಎಂದರು. ಆತ ರಜೆ ಮುಗಿಸಿಕೊಂಡು ಹೋದ. ವೀಸಾ ಈ ತಿಂಗಳು, ಮುಂದಿನ ತಿಂಗಳು ಅನ್ನುತ್ತ ದಿನ ದೂಡಿದ. ವೀಸಾಕ್ಕೆ ಅರ್ಜಿ ಹಾಕಬೇಕಾದರೆ ಮದುವೆ ಪ್ರಮಾಣಪತ್ರ ಬೇಕು, ನಮ್ಮ ಹತ್ತಿರ ಅದು ಇರಲಿಲ್ಲ.

2024ರಲ್ಲಿ ಒಂದು ರಾತ್ರಿ ಫೋನ್ ಮಾಡಿ, ‘ಯಾರಾದ್ರೂ ನನ್ನ ಬಗ್ಗೆ ಕೇಳಿದ್ರೆ ಅತ್ತೆ ಮಗಳು ಅನ್ನು, ಬೇರೇನೂ ಹೇಳಬೇಡ’ ಅಂದ. ಯಾರು ಕೇಳುತ್ತಾರೆ, ಯಾಕೆ ಕೇಳುತ್ತಾರೆ ಅಂದರೆ ಫೋನ್ ಇಟ್ಟುಬಿಟ್ಟ. ಆ ವಾರವೇ ಬೆಂಗಳೂರಲ್ಲಿ ಐಟಿ ಕೆಲಸದಲ್ಲಿರುವ ಚಿಕ್ಕಪ್ಪನ ಮಗನಿಗೆ ಅಪ್ಪನ ಮೊಬೈಲ್ ಕೊಟ್ಟೆ. ಅವನು ಕಾರ್ಡಿನ ಫೋಟೊ ದೊಡ್ಡದು ಮಾಡಿ ಎರಡು ಕಡೆ ಬೆರಳಿಟ್ಟ. ‘ಕೆಟಗರಿ’ ಎಂದಿರುವಲ್ಲಿ ‘ಸಿಆರ್6’. ಕಾರ್ಡಿನ ಅವಧಿ 2 ವರ್ಷ. ‘ಅಕ್ಕಾ, ಇದು ಕೆಲಸದ ಮೇಲೆ ಸಿಕ್ಕಿದ ಕಾರ್ಡಲ್ಲ. ಅಮೆರಿಕದ ಪ್ರಜೆಯನ್ನ ಮದುವೆಯಾದವರಿಗೆ ಕೊಡೋದು’ ಅಂದ. ಅಪ್ಪ ಪಕ್ಕದಲ್ಲೇ ಕೂತಿದ್ದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ಆ ಫೋಟೊವನ್ನೇ ನೋಡಿದರು.

ಒಳಗುಟ್ಟು ಆಮೇಲೆ ತಿಳಿಯಿತು. ಕೆಲಸದ ಆಧಾರದ ಗ್ರೀನ್ ಕಾರ್ಡುಗಳಲ್ಲಿ ಒಂದೊಂದು ದೇಶದವರಿಗೆ ಶೇ 7ರ ಮಿತಿ ಇದೆ. ಭಾರತದವರ ಸಾಲು ಎಷ್ಟು ಉದ್ದವೆಂದರೆ ಹತ್ತಾರು ವರ್ಷ ಕಾದರೂ ಸರದಿ ಬರುವುದಿಲ್ಲ. ಅಲ್ಲಿಯ ಪ್ರಜೆಯ ಗಂಡನಿಗೋ ಹೆಂಡತಿಗೋ ಆ ಮಿತಿ ಇಲ್ಲ. ಆ ಸಂದಿಯಲ್ಲಿ ನುಗ್ಗುವವರನ್ನು ಹಿಡಿಯಲೆಂದೇ ಅಮೆರಿಕ 1986ರಲ್ಲಿ ಕಾನೂನು ಮಾಡಿತು. ಹೊಸ ದಂಪತಿಗೆ ಮೊದಲು 2 ವರ್ಷದ ಷರತ್ತಿನ ಕಾರ್ಡು. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಇಬ್ಬರೂ ಸೇರಿ ಮತ್ತೆ ಅರ್ಜಿ ಹಾಕಿ, ಸಂಸಾರ ಮಾಡುತ್ತಿದ್ದೇವೆ ಎಂಬುದಕ್ಕೆ ಜಂಟಿ ಬ್ಯಾಂಕ್ ಖಾತೆ, ಬಾಡಿಗೆ ಕರಾರು ತೋರಿಸಬೇಕು. ಅನುಮಾನ ಬಂದರೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಅವವೇ ಪ್ರಶ್ನೆ ಕೇಳುತ್ತಾರೆ. ಆತನಿಗೆ ಅಂಥ ವಿಚಾರಣೆಯ ನೋಟಿಸು ಬಂದಿತ್ತು.

ಸ್ವಲ್ಪ ದಿನಕ್ಕೆ ಅತ್ತೆ, ಆತನ ಅಕ್ಕನ ಗಂಡನ ಜತೆ ನಮ್ಮನೆಗೆ ಬಂದರು. ಬಾಳೆಹಣ್ಣು, ಮಲ್ಲಿಗೆ ಹೂವು, ಅದರ ಜತೆಗೆ 100 ರೂಪಾಯಿಯ ಛಾಪಾ ಕಾಗದ. ‘ನಮ್ಮಿಬ್ಬರ ನಡುವೆ ನಿಶ್ಚಿತಾರ್ಥ ಮಾತ್ರ ನಡೆದಿದ್ದು, ವಿವಾಹ ನೆರವೇರಿರುವುದಿಲ್ಲ’ ಎಂದು ಟೈಪಾಗಿತ್ತು. ನನ್ನ ಹೆಸರಿನ ಮೇಲೆ ಸಹಿಗೆ ಜಾಗ. ‘ಅದು ಬರೀ ಪೇಪರ್ ಮದುವೆ ಕಣವ್ವ. ಇದೂ ಬರೀ ಪೇಪರು. ಒಂದ್ ಸೈನ್ ಹಾಕ್ಬುಡು, ನಿನ್ ಗಂಡ ಉಳ್ಕತನೆ’ ಅಂದರು ಅತ್ತೆ. ಅಮ್ಮ ಕೊಟ್ಟ ಕಾಫಿ ಕುಡಿಯುತ್ತಲೇ ಅಂದರು. ಅಪ್ಪ ಗಲಾಟೆ ಮಾಡಲಿಲ್ಲ. ‘ಓದ್ಬುಟ್ಟು ಕೊಡ್ತೀವಿ, ಇಟ್ಟೋಗಿ’ ಅಂದರು. ಆ ಕಾಗದ ಈಗ ನಮ್ಮ ದಾಖಲೆಗಳಲ್ಲಿ ಒಂದು.

ಶ್ರೀರಂಗಪಟ್ಟಣದ ವಕೀಲೆಯೊಬ್ಬರು ಅದನ್ನು ಓದಿ ಮೊದಲು ಹೇಳಿದ್ದು ಇಷ್ಟು: ‘ಇದಕ್ಕೆ ಸಹಿ ಹಾಕಿದರೆ ಸುಳ್ಳು ಪ್ರಮಾಣದ ಕೇಸು ನಿನ್ನ ತಲೆಗೆ.’ ಆಮೇಲೆ ವಿವರಿಸಿದರು. ದುಡ್ಡಿಗಾಗಿ ಆದರೂ ಸರಿ, ಅಲ್ಲಿಯ ಕಚೇರಿಯಲ್ಲಿ ಸಹಿ ಬಿದ್ದ ಮೇಲೆ ಅದು ಮದುವೆಯೇ, ವಿಚ್ಛೇದನವೋ ರದ್ದತಿಯೋ ಆಗುವ ತನಕ. 1955ರ ಹಿಂದೂ ವಿವಾಹ ಕಾಯ್ದೆಯ 5 ಮತ್ತು 11ನೇ ಸೆಕ್ಷನ್ ಪ್ರಕಾರ, ಹೆಂಡತಿ ಇರುವವನು ಕಟ್ಟಿದ ಎರಡನೇ ತಾಳಿ ಅಸಿಂಧು. ಮೊದಲ ಮದುವೆ ಮುಚ್ಚಿಟ್ಟು ಎರಡನೆಯದಾದರೆ ಐಪಿಸಿ 495ರಲ್ಲಿ 10 ವರ್ಷದವರೆಗೆ ಸಜೆ. 2024ರ ಜುಲೈ 1ರ ನಂತರದ ಮದುವೆಗಳಿಗೆ ಇದೇ ಶಿಕ್ಷೆ ಬಿಎನ್‌ಎಸ್ 82ರಲ್ಲಿದೆ.

ಆತನ ಕಡೆಯವರು ರಾಜಿಗೆ ಬಂದಾಗ, ಅಮೆರಿಕದ್ದು ನಾಟಕ, ಅವಳ ಜತೆ ಒಂದು ದಿನವೂ ಸಂಸಾರ ಮಾಡಿಲ್ಲ ಅಂತ ಆಣೆ ಇಟ್ಟರು. ‘ಅದನ್ನೇ ಬರೆದುಕೊಡಿ’ ಅಂದರು ವಕೀಲೆ. ಎದುರು ಕೂತವರು ಬಾಯಿ ಬಿಡಲಿಲ್ಲ. ನಾಟಕ ಎಂದು ಬರೆದುಕೊಟ್ಟರೆ ಅಮೆರಿಕದಲ್ಲಿ 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ. ಅದರ ಮೇಲೆ, ನಾಳೆ ಅಲ್ಲಿಯ ಪ್ರಜೆಯನ್ನೇ ಪ್ರೀತಿಸಿ ಮದುವೆಯಾದರೂ ಆಕೆ ಹಾಕುವ ವೀಸಾ ಅರ್ಜಿ ಮಂಜೂರಾಗುವುದಿಲ್ಲ. ಆ ನಿಷೇಧಕ್ಕೆ ಕಾಲಮಿತಿಯೇ ಇಲ್ಲ. ನಿಜವಾದ ಮದುವೆ ಎಂದರೆ ಇಲ್ಲಿ ಕೇಸು. ದುಡ್ಡು ತೆಗೆದುಕೊಂಡ ಆ ಹೆಂಗಸೂ ಅಲ್ಲಿ ಅಪರಾಧಿಯೇ. ಅವಳ ಮೇಲೆ ನನಗೆ ಸಿಟ್ಟಿಲ್ಲ, ನಾನಿರುವುದು ಅವಳಿಗೆ ಗೊತ್ತಿತ್ತೋ ಇಲ್ಲವೋ.

ಠಾಣೆಯಲ್ಲಿ ‘ಇದು ನಮ್ಮ ಕೈಗೆ ಬರೋದಲ್ಲಮ್ಮ, ಕೋರ್ಟಿಗೆ ಹೋಗಿ’ ಎಂದು ಕಳಿಸಿದರು. ದ್ವಿಪತ್ನಿತ್ವಕ್ಕೆ ನೊಂದವರೇ ಕೋರ್ಟಿನಲ್ಲಿ ದೂರು ಕೊಡಬೇಕೆಂಬುದು ನಿಜ. ಎರಡನೆಯವಳೂ ‘ನೊಂದವಳು’ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆ ತೀರ್ಪು ಇಲ್ಲದಿದ್ದರೆ ನಾನು ದೂರುದಾರಳೇ ಆಗುತ್ತಿರಲಿಲ್ಲವೇನೊ.

ಕೋರ್ಟಿನಲ್ಲಿ ಆತನ ವಕೀಲರು ಎತ್ತಿದ ತಕರಾರು ಕೇಳಿ ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಸಪ್ತಪದಿ ತುಳಿದಿಲ್ಲ, ಹಾಗಾಗಿ ಮದುವೆಯೇ ಆಗಿಲ್ಲ, ಹಾಗಾಗಿ ಎರಡನೇ ಮದುವೆ ಎಂಬುದೇ ಇಲ್ಲ! ನಮ್ಮಲ್ಲಿ ಧಾರೆಯೇ ಮುಖ್ಯ, ಮನೆತನದ ರೂಢಿಯಂತೆ ನಡೆದರೆ ಸಾಕು ಎಂದು ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಹೇಳುತ್ತದೆ. ಆದರೂ ಸಾಬೀತು ಮಾಡಬೇಕಾದವಳು ನಾನು. ಮದುವೆಯ ವಿಡಿಯೊ ತೆಗೆದದ್ದು ಕೆ.ಆರ್.ಪೇಟೆಯ ಹುಡುಗ. ವಿಡಿಯೊ ಸಾಕ್ಷಿಯಾಗಬೇಕಾದರೆ ಅದಕ್ಕೆ ಪ್ರಮಾಣಪತ್ರ ಬೇಕು ಎಂದಾಗ ಕೋರ್ಟು ಅಂದರೆ ಭಯ ಎಂದು ಮೊದಲು ಹಿಂದೆ ಸರಿದ, ಆಮೇಲೆ ಅವನ ಅಮ್ಮನೇ ಬೈದು ಕಳಿಸಿದರು. ವಕೀಲೆಯ ಆಫೀಸಿನ ಕಂಪ್ಯೂಟರಿನಲ್ಲಿ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಅಪ್ಪ ಅಮ್ಮ ಕೈಮೇಲೆ ಕೈಯಿಟ್ಟು ಧಾರೆ ಎರೆಯುವುದು, ಆತ ತಾಳಿಯ ಮೂರನೇ ಗಂಟು ಹಾಕುವುದು, ಪಕ್ಕದಲ್ಲಿ ಅತ್ತೆ ಅಕ್ಷತೆ ಹಿಡಿದು ನಗುತ್ತಿರುವುದು. ವಕೀಲೆ ಒಂದೊಂದರ ನಿಮಿಷ, ಸೆಕೆಂಡು ಬರೆದುಕೊಂಡರು. ಅಮೆರಿಕದ ಮದುವೆ ದಾಖಲೆ ಅಪೊಸ್ಟಿಲ್ ಮುದ್ರೆ ಹಾಕಿಸಿಕೊಂಡು ಬರಬೇಕಿತ್ತು, ಪರಿಚಯದವರ ಮೂಲಕ ತರಿಸಿದೆವು.

ಮದುವೆ ನಡೆಯಿತು ಎಂದೂ ನಾನೇ ತೋರಿಸಬೇಕು, ಅದು ಅಸಿಂಧು ಎಂದು ಡಿಕ್ರಿಯನ್ನೂ ನಾನೇ ಕೇಳಬೇಕು. ತಾಳಿ ಕತ್ತಲ್ಲಿದ್ದರೆ ‘ಇನ್ನೂ ಯಾಕೆ ಹಾಕ್ಕೊಂಡಿದ್ದಾಳೆ’ ಅನ್ನುತ್ತಾರೆ, ತೆಗೆದರೆ ‘ಅರಿಶಿನ ಕುಂಕುಮಕ್ಕೆ ಕರೀಬಹುದಾ’ ಅಂತ ಅನುಮಾನ. ಗಂಡನ ಹೆಸರು ಸೇರಿಸಿದ್ದ ಆಧಾರ್ ಹಾಗೇ ಇದೆ. ಸದ್ಯ ಶಾಲೆಯ ಕೆಲಸ ಉಳಿದಿದೆ.

ಅಸಿಂಧು ಮದುವೆಯಾದರೂ ಜೀವನಾಂಶ ಕೊಡಿಸಬಹುದು ಎಂದು ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲಿ ಹೇಳಿರುವುದರಿಂದ ಆ ಅರ್ಜಿಯೂ ಹಾಕಿದ್ದೇವೆ. ರಾಷ್ಟ್ರೀಯ ಮಹಿಳಾ ಆಯೋಗದ ಎನ್‌ಆರ್‌ಐ ಘಟಕಕ್ಕೂ ದೂರು ಹೋಗಿದೆ. ಆತ ಇನ್ನೂ ಕೋರ್ಟಿಗೆ ಬಂದಿಲ್ಲ.

ಹೊರದೇಶದ ಗಂಡು ಬಂದರೆ ಕಾರ್ಡಿನ ಎರಡೂ ಬದಿ ಕೇಳಿ, ಓದಬಲ್ಲವರ ಕೈಯಲ್ಲಿ ಓದಿಸಿ. ಸಿಆರ್6, ಐಆರ್6 ಅಂತಿದ್ದರೆ ಅದು ಅಲ್ಲಿಯ ಪ್ರಜೆಯನ್ನು ಮದುವೆಯಾಗಿ ಪಡೆದ ಕಾರ್ಡು, ವಿಚ್ಛೇದನದ ಡಿಕ್ರಿ ಎಲ್ಲಿ ಅಂತ ಮುಖಕ್ಕೇ ಕೇಳಿ. ಪಾಸ್‌ಪೋರ್ಟ್ ಹಿಡಿದು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬರಲು ಒಪ್ಪದವನಿಗೆ ಮಂಟಪ ಬುಕ್ ಮಾಡಬೇಡಿ.