ಉತ್ತನಹಳ್ಳಿಯಲ್ಲಿ ನಮ್ಮಪ್ಪನ ಹಲಗಿ

ನಾವು ಮೂರು ಮಂದಿ. ಒಬ್ಬ ತಿಕೋಟಾ ಕಡೆಯವ, ಒಬ್ಬ ಬಬಲೇಶ್ವರದ ಕಡೆಯವ, ಇನ್ನೊಬ್ಬ ವಿಜಯಪುರ ಶಹರದ ಕೇರಿಯವ. ಮೂವರ ಜಾತಿ ಒಂದೇ. ಮೂವರ ಅಪ್ಪಂದಿರೂ ಊರಿಗೆ ಹಲಗಿ ಬಡಿದು ಸತ್ತವರು. ಅದಕ್ಕೆ ಇಲ್ಲಿ ‘ನಮ್ಮಪ್ಪ’ ಅಂತ ಬಂದಾಗ ಯಾರಪ್ಪ ಅಂತ ಕೇಳಬ್ಯಾಡ್ರಿ. ಯಾರಪ್ಪಗಾದರೂ ಆ ಮಾತು ಒಪ್ಪುತ್ತದೆ.

2024ರ ಅಕ್ಟೋಬರ್ 10ಕ್ಕೆ ಮೈಸೂರಿನ ಯುವ ದಸರಾಕ್ಕೆ ಇಳಯರಾಜ ಬರ್ತಾರ ಅನ್ನೋ ಸುದ್ದಿ ತಿಕೋಟಾದ ಒಂದು ಚಾದಂಗಡ್ಯಾಗ ನಮ್ಮ ಕಿವಿಗೆ ಬಿತ್ತು. ಅದು ದ್ರಾಕ್ಷಿ ಚಾಟ್ನಿಯ ಕಾಲ. ತಿಕೋಟಾ ಸೀಮೆಯ ಬಳ್ಳಿಗಳಿಗೆ ಆಗ ಕತ್ತರಿ ಬೀಳಬೇಕು, ಆ ಕತ್ತರಿ ಹಿಡಿಯೋ ಕೈಗಳು ನಮ್ಮವು. ಹಂಗಾಮಿನಾಗ ನಾಕು ದಿನದ ಪಗಾರ ಬಿಡೂದಂದ್ರ ಮನ್ಯಾಗ ನಾಕು ದಿನ ಬೈಸಿಕೊಳ್ಳೂದು. "ಹಾಡು ಕೇಳಾಕ ಮೈಸೂರಿಗೆ ಹೊಂಟಾರ ನೋಡ್ರಿ. ಮೊಬೈಲಿನಾಗ ಬರೂದಿಲ್ಲೇನು?" ಅಂದರು ಮನೆಯವರು. ಬರತಾವ. ಎಲ್ಲಾ ಹಾಡೂ ಬರತಾವ. ಆದರೂ ಹೋಗಬೇಕು ಅನ್ನಿಸಿತ್ತು. ಯಾಕ ಅಂತ ಹೇಳಲಿಕ್ಕೆ ಆಗ ನಮ್ಮ ಹತ್ತಿರ ಮಾತು ಇರಲಿಲ್ಲ. ಅದನ್ನು ಹುಡುಕಲಿಕ್ಕೇ ಈಗ ಬರೆಯುತ್ತಿದ್ದೇವೆ.

ತಿಕೋಟಾದಿಂದ ವಿಜಯಪುರಕ್ಕೆ ಬರೋ ದಾರ್ಯಾಗ ತೊರವಿ ಸಿಗತೈತಿ. ಅಲ್ಲಿ ನವರಸಪುರದ ಹಾಳುಗೋಡೆಗಳು ನಿಂತಾವ. ಎರಡನೇ ಇಬ್ರಾಹಿಂ ಆದಿಲಶಾಹಿ 1599ರಾಗ ಸಂಗೀತಕ್ಕಾಗಿಯೇ ಒಂದು ಪಟ್ಟಣ ಕಟ್ಟಿಸಾಕ ಸುರು ಮಾಡಿದ. ‘ಕಿತಾಬ್-ಎ-ನವರಸ್’ ಬರೆದ ಬಾದಶಹ ಅವ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ. 1624ರಾಗ ಮಲಿಕ್ ಅಂಬರನ ದಂಡು ಬಂದು ಆ ಪಟ್ಟಣ ಹಾಳು ಮಾಡಿತು. ಬಸ್ಸಿನ ಕಿಟಕಿಯಿಂದ ಆ ಗೋಡೆ ಕಂಡಾಗೆಲ್ಲ ನಾವು ಒಂದೇ ಮಾತು ಆಡಿಕೊಳ್ಳುತ್ತೇವೆ: ತಂಬೂರಿಗೆ ಹೆಸರಿತ್ತು, ಅದು ಇತಿಹಾಸದಾಗ ಉಳೀತು. ಆ ಕಾಲಕ್ಕೆ ಊರ ಹೊರಗೆ ಹಲಗಿ ಕಾಸುತ್ತಿದ್ದ ನಮ್ಮ ಮುತ್ತ್ಯಾನ ಮುತ್ತ್ಯಾನ ಹೆಸರು ಏನಿತ್ತೋ?

ಸಂಜೆ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿ ಹತ್ತಿದ್ವಿ. ರೊಟ್ಟಿ, ಶೇಂಗಾಚಟ್ನಿ ಕಟ್ಟಿಕೊಂಡಿದ್ವಿ. ಕೂಡ್ರಾಕ ಜಾಗ ಸಿಗಲಿಲ್ಲ. ಬಾಗಿಲ ಹತ್ತಿರ ಕಾಲು ಮಡಚಿ ಕೂತ್ವಿ. ಬೆಂಗಳೂರು ಕಡೆ ಗೌಂಡಿ ಕೆಲಸಕ್ಕೆ ಹೊಂಟ ಹುಡುಗರು ಮೊಬೈಲಿನಾಗ ಹಾಡು ಹಚ್ಚಿದ್ದರು. ಅದರಾಗ ಒಂದು ಅವನದೇ. "ಇದು ಯಾರ ಸಂಗೀತ ಗೊತ್ತೇನೋ?" ಅಂದ್ರ, "ಯಾರದರ ಇರಲಿ ಬಿಡ್ರಿ ಕಾಕಾ, ಚಲೋ ಐತಿ" ಅಂದ ಒಬ್ಬ. ನಮಗೂ ಒಂದು ಕಾಲಕ್ಕೆ ಹಂಗೇ ಇತ್ತು.

1981ರಾಗ ಶಂಕರನಾಗರ ‘ಗೀತಾ’ ಬಂದಾಗ ನಾವು ಹುಡುಗರು. ಹಾಡುಗಳನ್ನು ಮೊದಲು ಕೇಳಿದ್ದು ಧಾರವಾಡ ಆಕಾಶವಾಣಿಯಿಂದ, ಅದೂ ನಮ್ಮ ರೇಡಿಯೋದಾಗ ಅಲ್ಲ. ನಮ್ಮ ಕೇರಿಯಾಗ ರೇಡಿಯೋ ಇರಲಿಲ್ಲ. ಗೌಡರ ಕಟ್ಟಿಯ ಮ್ಯಾಲೆ ಹಾಡುತ್ತಿತ್ತು, ನಾವು ಹಗೇವಿನ ಮಗ್ಗಲಿಗೆ ನಿಂತು ಕೇಳತಿದ್ವಿ. ಹಾಡು ಮುಗಿಯೂ ಮುಂಚೆ ಯಾರಾದರೂ ಗದರಿಸಿದರೆ ಓಡುವುದು, ಉಳಿದರ್ಧ ಹಾಡನ್ನು ಓಡುತ್ತ ನಾವೇ ಹಾಡಿಕೊಳ್ಳುವುದು. ವಿಜಯಪುರದ ಟಾಕೀಜಿಗೆ ಹೋದರೆ ನೆಲದ ಟಿಕೀಟು. ಆಗ ಹಳ್ಳಿಯ ಹೋಟೆಲಿನಾಗ ನಮಗೆ ಬೇರೆ ಕಪ್ಪು, ಹೊರಗೆ ಕೂಡ್ರೂದು. ಟಾಕೀಜಿನಾಗ ದೀಪ ಆರಿದ ಮ್ಯಾಲೆ ಮಗ್ಗಲಿಗೆ ಕೂತವ ಯಾರು ಅಂತ ಯಾರೂ ಕೇಳುತ್ತಿರಲಿಲ್ಲ. ಎರಡೂವರೆ ತಾಸು ನಾವು ಬರೀ ಮನುಷ್ಯರು. ನಮಗೆ ಸಿನಿಮಾ ಹಾಡಿನ ಹುಚ್ಚು ಹಿಡಿದದ್ದು ರಾಗದಿಂದಲ್ಲ, ಆ ಕತ್ತಲಿನಿಂದ.

ಅವ ನಮ್ಮವನು ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮ್ಯಾಲೆ. ಕೂಲಿಗೆ ತಮಿಳುನಾಡಿನ ಕಡೆ ಹೋಗಿ ಬಂದ ನಮ್ಮ ಓಣಿಯ ಹಿರಿಯನೊಬ್ಬ ಹೇಳಿದ. ಪಣ್ಣೈಪುರಂ ಅನ್ನೋ ಹಳ್ಳ್ಯಾಗ 1943ರಾಗ ಹುಟ್ಟಿದವ, ದಲಿತರ ಮನಿಯವ. ಅಣ್ಣ ಪಾವಲರ್ ವರದರಾಜನ್ ಕಮ್ಯುನಿಸ್ಟ್ ಪಕ್ಷದ ಸಭೆಗಳಾಗ ಹಾಡುತ್ತ ಊರೂರು ತಿರುಗುತ್ತಿದ್ದ. ಅವನ ಹಿಂದೆ ಹಾರ್ಮೋನಿಯಂ ಹಿಡಿದು ಈ ತಮ್ಮನೂ ತಿರುಗಿದ. ಮುಂದೆ ಮದ್ರಾಸಿಗೆ ಹೋಗಿ ಧನರಾಜ್ ಮಾಸ್ತರ ಹತ್ತಿರ ಪಾಶ್ಚಾತ್ಯ ಸಂಗೀತ ಕಲಿತ. ನಮ್ಮ ಜಿ.ಕೆ. ವೆಂಕಟೇಶರ ಕೈಕೆಳಗೆ ಗಿಟಾರು ನುಡಿಸಿದ, ಸಹಾಯಕನಾಗಿ ದುಡಿದ. ಅಂದ್ರ ನಾವು ಚಡ್ಡಿ ಹಾಕೋ ಮೊದಲೇ ಕನ್ನಡದ ಹಾಡುಗಳ ಬೆನ್ನಿಗೆ ಅವನ ಕೈ ಇತ್ತು, ಹೆಸರು ಇರಲಿಲ್ಲ. 1976ರಾಗ ‘ಅನ್ನಕ್ಕಿಳಿ’ ಅನ್ನೋ ತಮಿಳು ಸಿನಿಮಾದಿಂದ ಹೆಸರು ಬಂತು. ಹೊಲದಾಗಿನ ಹೆಣ್ಣುಮಕ್ಕಳ ದನಿ ಪೇಟೆಯ ವಾದ್ಯಗಳ ನಡುವೆ ಬಂದು ತಲಿ ಎತ್ತಿ ಕೂತಿತು. ಇಲ್ಲಿತನಕ ಸಾವಿರಕ್ಕೂ ಹೆಚ್ಚು ಸಿನಿಮಾ ಮಾಡಿದಾನ. ಈ ಕತಿ ಕೇಳಿದ ದಿನ ನಮಗೆ ರಾತ್ರಿ ನಿದ್ದಿ ಬರಲಿಲ್ಲ.

ಈಗ ನಮ್ಮಪ್ಪನ ಮಾತು.

ನಮ್ಮಪ್ಪನ ಹಲಗಿ ಊರಿಗೆಲ್ಲ ಹೆಸರಾಗಿತ್ತು. ಹೆಸರು ಹಲಗಿಗೆ, ನಮ್ಮಪ್ಪಗಲ್ಲ. ಜಾತ್ರಿಗೆ, ಸಾವಿಗೆ, ಡಂಗುರಕ್ಕೆ ಅವನೇ ಬೇಕು. ಕಸಕಡ್ಡಿ ಗುಡ್ಡೆ ಹಾಕಿ ಬೆಂಕಿ ಹಚ್ಚಿ, ಉರಿಯ ಮುಂದೆ ಹಲಗಿ ತಿರುವಿ ತಿರುವಿ ಕಾಸುತ್ತಿದ್ದ. ಬೆರಳಿನಿಂದ ಒಂದು ಸಣ್ಣ ಪೆಟ್ಟು ಹಾಕಿ ಕಿವಿ ಹಚ್ಚಿ ಕೇಳುತ್ತಿದ್ದ. ‘ಇನ್ನೂ ಬಂದಿಲ್ಲ’ ಅನ್ನುತ್ತಿದ್ದ. ಆಮ್ಯಾಲೆ ಒಮ್ಮೆಲೆ ಮುಖ ಅರಳುತ್ತಿತ್ತು. ಆ ದನಿ ಅವನಿಗೆ ಹೆಂಗ ಗೊತ್ತಾಗುತ್ತಿತ್ತು, ಯಾವ ಶಾಲ್ಯಾಗ ಕಲಿತಿದ್ದ?

ಒಂದು ಲಗ್ನದಾಗ ನಾವು ಅವನ ಜೋಡಿ ಹೋಗಿದ್ವಿ. ಬಿಸಿಲಾಗ ಮುಂಜಾನಿಂದ ಸಂಜಿತನಕ ಬಡಿದ. ಊಟದ ಹೊತ್ತಿಗೆ ಮಂದಿ ಎಲ್ಲಾ ಉಂಡೆದ್ದರು. ದನದ ಕೊಟ್ಟಿಗೆಯ ಹಿಂದೆ ನಮಗೆ ಎಲಿ ಹಾಕಿದರು. ಅನ್ನ ಮ್ಯಾಲಿಂದ ಬಿತ್ತು, ಮುಟ್ಟಬಾರದಲ್ಲ. ಅರ್ಧ ನೆಲಕ್ಕೆ ಬಿತ್ತು. ನಮ್ಮಪ್ಪ ನೆಲದ ಮ್ಯಾಲಿಂದು ತಾನು ತಗೊಂಡು ಎಲಿ ಮ್ಯಾಲಿಂದು ನಮ್ಮ ಕಡೆ ಸರಿಸಿದ. ಆ ಮನಿ ಯಜಮಾನ ದೂರದಿಂದಲೇ "ಏನ್ ಹಲಗಿ ಬಡೀತಿಯಲೇ, ಭೇಷ್" ಅಂದ. ನಮ್ಮಪ್ಪ ಕೈಮುಗಿದು ನಕ್ಕ. ಆ ನಗು ನಮಗೆ ಇವತ್ತಿಗೂ ಜೀರ್ಣ ಆಗಿಲ್ಲ.

1980ರ ದಶಕದ ಕೊನೆಗೆ ನಾವು ಕಾಲೇಜಿನ ಕಟ್ಟಿ ಹತ್ತಿದ್ವಿ. ದಲಿತ ಸಂಘರ್ಷ ಸಮಿತಿಯ ಹಾಡು, ಭಾಷಣ ನಮ್ಮ ಜಿಲ್ಲಾದ ಕೇರಿಗಳಿಗೂ ಬಂದಿದ್ದವು. ಹಲಗಿ ಬಿಡಬೇಕು, ಸತ್ತ ದನ ಎಳೆಯೂದು ಬಿಡಬೇಕು, ಬಿಟ್ಟಿ ಚಾಕರಿ ಬಿಡಬೇಕು. ಬಾಬಾಸಾಹೇಬರು ಹೇಳಿದ ದಾರಿ ಅದು. ನಾವು ಮನಿಗೆ ಬಂದು ನಮ್ಮಪ್ಪನ ಮುಂದೆ ನಿಂತು ಹೇಳಿದ್ವಿ: "ನಾಳಿಂದ ಬಡಿಯೂದಿಲ್ಲ." ಅವ ಸುಮ್ಮನಿದ್ದ. ಮಾತು ಬೆಳೆಯಿತು. ನಾವು ಹಲಗಿ ಕಸಕೊಂಡು ಅಂಗಳಕ್ಕೆ ಒಗೆದ್ವಿ. ಅವ ಎದ್ದು ಹೋಗಿ ತಗೊಂಡ, ಧೂಳು ಒರೆಸಿದ, ಜಂತಿಗೆ ನೇತುಹಾಕಿದ. ಆವತ್ತಿನಿಂದ ಊರಿಗೆ ಬಡಿಯಲಿಲ್ಲ. ಮನ್ಯಾಗೂ ಮುಟ್ಟಲಿಲ್ಲ. ಗೌಡರ ಕಡೆಯವರು ಮೂರು ತಿಂಗಳು ನಮ್ಮ ಕೇರಿಗೆ ಕೂಲಿ ಕೊಡಲಿಲ್ಲ, ಅದನ್ನು ತಡಕೊಂಡ್ವಿ. ಆದರೆ ನಮ್ಮಪ್ಪ ಸಾಯೋತನಕ ಕುಂತಲ್ಲಿ ನಿಂತಲ್ಲಿ ಬೆರಳಿನಿಂದ ತೊಡಿ ಬಡಕೊಳ್ಳುತ್ತಿದ್ದುದನ್ನು ನಾವು ನೋಡಿಯೂ ನೋಡದವರ ಹಂಗ ಇದ್ವಿ.

ನಾವು ಮಾಡಿದ್ದು ತಪ್ಪಲ್ಲ. ಇದನ್ನು ಗಟ್ಟಿಯಾಗಿಯೇ ಹೇಳುತ್ತೇವೆ. ‘ಪಾಪ, ಎಂಥಾ ಕಲೆ ಹಾಳಾತು’ ಅಂತ ಈಗ ಲೊಚಗುಟ್ಟುವವರು ಆಗ ಕೊಟ್ಟಿಗೆ ಹಿಂದೆ ನಮ್ಮ ಜೋಡಿ ಉಣ್ಣಾಕ ಕೂತವರಲ್ಲ.

2022ರ ಏಪ್ರಿಲ್‌ನಾಗ ನಮ್ಮ ನಡುವೆ ಜಗಳ ಆತು. ಅಂಬೇಡ್ಕರ್ ಮತ್ತು ಮೋದಿ ಕುರಿತ ಒಂದು ಇಂಗ್ಲಿಷ್ ಪುಸ್ತಕಕ್ಕೆ ಇಳಯರಾಜ ಮುನ್ನುಡಿ ಬರೆದು ಇಬ್ಬರನ್ನೂ ಹೋಲಿಸಿದ್ದರು. ಅದೇ ವರ್ಷ ಜುಲೈದಾಗ ಅವರನ್ನು ರಾಜ್ಯಸಭೆಗೆ ನಾಮಕರಣ ಮಾಡಿದರು. ಬಬಲೇಶ್ವರದವ ಸಿಟ್ಟಿಗೆದ್ದ. ಮೊಬೈಲಿನಾಗಿನ ಹಾಡೆಲ್ಲ ಅಳಿಸಿದ. "ಬಾಬಾಸಾಹೇಬರ ಮಗ್ಗಲಿಗೆ ಯಾರನ್ನೂ ಕೂಡ್ರಿಸೋ ಹಕ್ಕು ಇವನಿಗಿಲ್ಲ. ಇನ್ನ ಇವನ ಹಾಡು ಕೇಳಿದರ ನಾ ನಮ್ಮಪ್ಪನ ಮಗನಲ್ಲ" ಅಂದ. ಶಹರದವ "ಹಾಡು ಬ್ಯಾರೆ, ಮನುಷ್ಯ ಬ್ಯಾರೆ" ಅಂದ. ತಿಕೋಟಾದವ ಇಬ್ಬರಿಗೂ ಚಾ ಹೇಳಿ, "ನಾವು ಅವನನ್ನ ನಮ್ಮವನು ಅಂತೀವಿ. ಅವ ನಮ್ಮನ್ನ ಎಂದರ ಹಂಗಂದಾನೇನು?" ಅಂತ ಕೇಳಿದ. ಆ ಪ್ರಶ್ನಿಗೆ ಯಾರೂ ಉತ್ತರ ಕೊಡಲಿಲ್ಲ. ಎರಡು ವರ್ಷ ಆ ಹೆಸರು ಎತ್ತಲಿಲ್ಲ. ಆದರೆ ಮೈಸೂರಿನ ಸುದ್ದಿ ಬಂದಾಗ ಮೊದಲು ಚೀಲ ಕಟ್ಟಿದವ ಬಬಲೇಶ್ವರದವನೇ. "ಜಗಳ ಆಡಾಕ ಹೊಂಟೀನಿ" ಅಂದ.

ಉತ್ತನಹಳ್ಳಿ ಮೈಸೂರಿನ ಅಂಚಿಗೆ ಚಾಮುಂಡಿ ಬೆಟ್ಟದ ಕೆಳಗೈತಿ. ಮೊದಲು ಯುವ ದಸರಾ ಮಹಾರಾಜ ಕಾಲೇಜು ಮೈದಾನದಾಗ ಆಗುತ್ತಿತ್ತು, 2024ರಾಗ ಇಲ್ಲಿಗೆ ಬಂತು. ಹಿಂದಿನ ದಿನ ಎ.ಆರ್. ರೆಹಮಾನ್ ಹಾಡಿ ಹೋಗಿದ್ದರು. ಮುಂದಿನ ಕುರ್ಚಿಗಳಿಗೆ ಸಾವಿರಗಟ್ಟಲೆ ರೂಪಾಯಿ ಟಿಕೀಟು, ಹಿಂದೆ ಪುಕ್ಕಟೆ. ನಮ್ಮದು ಹಿಂದೆ. ಮನುಷ್ಯ ಅಂಗುಷ್ಠದಷ್ಟು ಕಾಣತಾನ, ಪರದೆಯ ಮ್ಯಾಲೆ ಆನೆಯಷ್ಟು. ಗೌಡರ ಕಟ್ಟಿಯಿಂದ ಹಗೇವಿನ ಮಗ್ಗಲಿಗೆ ಎಷ್ಟು ದೂರ ಇತ್ತು, ಅದರ ಹತ್ತು ಪಟ್ಟು ದೂರ. ಆದರೆ ಇಲ್ಲಿ ಗದರಿಸಿ ಓಡಿಸೋರು ಇರಲಿಲ್ಲ. ಅಷ್ಟು ಫರಕು ಆಗೇತಿ. ಅದನ್ನು ಸಣ್ಣದು ಅನ್ನೂದಿಲ್ಲ.

ಎಂಬತ್ತೊಂದರ ಮುದುಕ ವೇದಿಕೆಗೆ ಬಂದ. ಕುಣಿಯಲಿಲ್ಲ, ಹಾರಲಿಲ್ಲ. ಹಾಡಿದ. ದನಿ ನಡುಗಿತು, ಆದರೂ ಹಾಡಿದ. ಮೈಸೂರಿನ ಅರಸರ ದರ್ಬಾರಿನಾಗ ಎಂಥೆಂಥಾ ವಿದ್ವಾಂಸರು ಹಾಡಿ ಶಾಲು ಹೊದ್ದುಕೊಂಡಾರ. ಅದೇ ದಸರೆಯ ಹೆಸರಿನಾಗ ಊರ ಹೊರಗಿನ ಕೇರಿಯಿಂದ ಬಂದವ ವೇದಿಕೆಯ ನಡುವೆ ನಿಂತಿದ್ದ. ಅವನ ಕೈ ಎದ್ದರೆ ಪಿಟೀಲಿನವರೆಲ್ಲ ಏಳತಿದ್ರು, ಕೈ ಇಳಿದರೆ ಇಳೀತಿದ್ರು. ಅಷ್ಟು ಮಂದಿಯ ಕಣ್ಣು ಅವನ ಕೈ ಮ್ಯಾಲೆ. ನಮ್ಮ ಕೈ ನೋಡಿ ಯಾರು ಎಂದು ಕಾದಿದ್ದರು?

ಕನ್ನಡದ ಹಳೇ ಹಾಡು ಬಂದಾಗ ಜನ ಕುಣಿದರು. ನಾವೂ ಶಿಳ್ಳಿ ಹೊಡೆದ್ವಿ, ವಯಸ್ಸು ಮರೆತ್ವಿ. ಆಮ್ಯಾಲೆ ಯಾವುದೋ ತಮಿಳು ಹಾಡು. ಮಾತು ತಿಳೀಲಿಲ್ಲ. ಪಿಟೀಲು ನಿಂತು ಬರೀ ತಾಳ ಉಳಿದ ಗಳಿಗೆ ಅದು. ಬಲಗೈ ದಪ್ಪ ಪೆಟ್ಟು, ಎಡಗೈ ಸಣ್ಣ ಕಡ್ಡಿಯ ಪೆಟ್ಟು, ನಡುವೆ ಒಂದು ಉಸಿರಿನಷ್ಟು ಜಾಗ. ಆ ಜಾಗ ನಮಗೆ ಗೊತ್ತಿತ್ತು. ಹೆಣ ಹೊಳಿ ಹಾದಿಗೆ ತಿರುಗುವಾಗ ನಮ್ಮಪ್ಪ ಬಿಡುತ್ತಿದ್ದ ಜಾಗ ಅದು. ಬಬಲೇಶ್ವರದವನ ಕೈ ತನ್ನಷ್ಟಕ್ಕೆ ತೊಡಿ ಬಡಿಯಾಕ ಹತ್ತಿತ್ತು. ನಾವು ಅವನ ಮುಖ ನೋಡಿದ್ವಿ. ಅಳಲಿಲ್ಲ ಅಂತ ಅವ ಇವತ್ತಿಗೂ ಹೇಳತಾನ.

ರಾತ್ರಿ ಮೈಸೂರು ಸ್ಟೇಷನ್ನಿನ ಫ್ಲಾಟ್‌ಫಾರ್ಮಿನ ಮ್ಯಾಲೆ ಮಲಗಿದಾಗ ಅವನೇ ಮಾತು ತೆಗೆದ. "ಮುನ್ನುಡಿ ತಪ್ಪೇ. ನಾ ಅದನ್ನ ಬಿಡೂದಿಲ್ಲ. ಆದರ ನಾವೂ ಒಂದು ಮಾಡೀವಿ. ಬಿಟ್ಟಿ ಚಾಕರಿ ಒಗೀಬೇಕಿತ್ತು, ಒಗದ್ವಿ. ಅದರ ಜೋಡಿ ಅಪ್ಪನ ಕೈಯನ್ನೂ ಒಗದ್ವಿ. ಆ ಎರಡನ್ನೂ ಬಿಡಿಸಿ ನೋಡಾಕ ನಮಗ ಬುದ್ಧಿ ಇರಲಿಲ್ಲ." ಶಹರದವ, "ಬುದ್ಧಿ ಇತ್ತು, ಪುರಸೊತ್ತು ಇರಲಿಲ್ಲ. ಕೊಳ್ಳಿ ಹತ್ತಿದ ಮನಿಯಿಂದ ಓಡಾವ ಭಾಂಡೆ ಎಣಸ್ತಾನೇನು?" ಅಂದ. ಇಬ್ಬರ ಮಾತೂ ಖರೇ. ಬೆಳಗಿನತನಕ ಯಾರಿಗೂ ನಿದ್ದಿ ಹತ್ತಲಿಲ್ಲ.

ಎರಡು ತಿಂಗಳ ಮ್ಯಾಲೆ, ಡಿಸೆಂಬರಿನಾಗ, ಶ್ರೀವಿಲ್ಲಿಪುತ್ತೂರಿನ ಆಂಡಾಳ್ ಗುಡಿಯ ಅರ್ಧಮಂಟಪದಿಂದ ಇಳಯರಾಜರನ್ನು ಹೊರಗೆ ನಿಲ್ಲಿಸಿದರು ಅಂತ ಸುದ್ದಿ ಹಬ್ಬಿತು. ಒಳಗೆ ಅರ್ಚಕರಿಗೆ ಮಾತ್ರ ಪ್ರವೇಶ, ಬ್ಯಾರೆ ಯಾರಿಗೂ ಇಲ್ಲ ಅಂತ ಗುಡಿಯ ಕಡೆಯವರು ಹೇಳಿದರು. ಅದು ಸುಳ್ಳು ವದಂತಿ, ತಾನು ಆತ್ಮಗೌರವ ಬಿಟ್ಟುಕೊಡುವವನಲ್ಲ ಅಂತ ಅವರೂ ಹೇಳಿದರು. ನಾವು ಅವರ ಮಾತು ನಂಬುತ್ತೇವೆ. ಆದರೆ ಗೆಳೆಯರೇ, ಆ ಸುದ್ದಿ ಕೇಳಿದ ಕೂಡಲೇ ನಮ್ಮ ಕಣ್ಣ ಮುಂದೆ ಬಂದದ್ದು ದನದ ಕೊಟ್ಟಿಗೆ. ಸಾವಿರ ಸಿನಿಮಾ ಮಾಡಿದವನ ಬಗ್ಗೆಯೂ ನಮಗೆ ಮೊದಲು ಅದೇ ನೆನಪಾಗುತ್ತದೆ ಅಂದರೆ, ಈ ದೇಶ ನಮ್ಮ ತಲಿಯೊಳಗೆ ಎಂಥಾ ಗೂಟ ಬಡಿದೈತಿ ನೋಡ್ರಿ. ಮುಂದೆ 2025ರ ಮಾರ್ಚ್ 8ಕ್ಕೆ ಲಂಡನ್ನಿನಾಗ ಅವರು ತಮ್ಮ ಸಿಂಫನಿ ನುಡಿಸಿದರು. ಅಲ್ಲಿಯವರಿಗೆ ಪಣ್ಣೈಪುರಂ ಯಾವ ದಿಕ್ಕಿಗೈತಿ ಗೊತ್ತಿರಲಿಕ್ಕಿಲ್ಲ. ಚಲೋನೇ ಆತು.

ಊರಿಗೆ ಬಂದು ಜಂತಿಯಿಂದ ಹಲಗಿ ಇಳಿಸಿದ್ವಿ. ಚರ್ಮ ಇಲಿ ತಿಂದಿತ್ತು. ಕಟ್ಟಿಗಿ ಬಳಿ ಮಾತ್ರ ಗಟ್ಟಿ ಇತ್ತು, ನಮ್ಮಪ್ಪನ ಎಡಗೈ ಹಿಡಿದ ಜಾಗ ನುಣ್ಣಗೆ ಸವೆದಿತ್ತು. ಅದಕ್ಕೆ ಫೈಬರಿನ ಹಾಳಿ ಬಿಗಿಸಿದ್ವಿ. ಈಗ ಬೆಂಕಿಯಾಗ ಕಾಸೂದು ಬೇಕಿಲ್ಲ, ನಟ್ಟು ತಿರುವಿದರಾತು. ಕಲಿಸಲಿಕ್ಕೆ ನಮಗೆ ಬರೂದಿಲ್ಲ. ನಮ್ಮ ಮೊಮ್ಮಗಳು, ಏಳನೇತ್ತೆ ಓದಾಕಿ, ಮೊಬೈಲ್ ನೋಡಿ ತಾನೇ ಕಲಿತಾಳ. ಆ ಉಸಿರಿನಷ್ಟು ಜಾಗ ಬಿಡೂದೊಂದು ನಾವು ತೊಡಿ ಬಡಿದು ತೋರಿಸಿಕೊಟ್ವಿ. 2025ರ ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಫೋಟೋದ ಮುಂದೆ, ನಮ್ಮ ಕೇರಿಯ ಮೆರವಣಿಗ್ಯಾಗ ಆಕೀ ಬಡಿದಳು.

ಮರುದಿನವೇ ಆ ದೊಡ್ಡ ಮನಿಯಿಂದ ಫೋನು ಬಂತು. ಮೊಮ್ಮಗನ ಲಗ್ನ ಐತೆಂತ, ಹುಡುಗಿ ಚಲೋ ಬಡೀತಾಳಂತ, ಕಳಿಸ್ರಿ ಅಂತ.

ನಾವು ದರ ಹೇಳಿದ್ವಿ. ಊಟಕ್ಕೆ ಪಡಸಾಲ್ಯಾಗ ಎಲ್ಲರ ಪಂಕ್ತಿ ಒಳಗ ಎಲಿ ಹಾಕಬೇಕು ಅಂತಲೂ ಹೇಳಿದ್ವಿ.

ವಿಚಾರ ಮಾಡಿ ತಿಳಸ್ತೀವಿ ಅಂದಾರ. ಇನ್ನೂ ತಿಳಿಸಿಲ್ಲ. ನಮಗೇನೂ ಅವಸರ ಇಲ್ಲ.