ಮೆಕ್ವೀನ್ ಹಾರದ ಬೇಲಿ, ಅಪ್ಪ ಕಂಡ ಬಯಲು

‘ದಿ ಗ್ರೇಟ್ ಎಸ್ಕೇಪ್’ ನೋಡಿದ್ದೀರಾ? ನೋಡಿದ್ದರೆ ಆ ಬೈಕನ್ನು ಮರೆತಿರಲಾರಿರಿ. ಹಿಂದೆ ಜರ್ಮನ್ ಸೈನಿಕರು, ಮುಂದೆ ಮುಳ್ಳುತಂತಿ ಬೇಲಿ, ನಡುವೆ ಸ್ಟೀವ್ ಮೆಕ್ವೀನ್! ಗುರ್ರ್ ಅಂತ ಒಂದು ಜಿಗಿತ... ಟಾಕೀಸಿನಲ್ಲಿ ಶಿಳ್ಳೆಯೋ ಶಿಳ್ಳೆ!

ಆ ಜಿಗಿತವನ್ನು ನಮ್ಮಪ್ಪ ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ಅಭಿಮಾನಿಯಾಗಿ ಅಲ್ಲ ಸ್ವಾಮಿ, ಆಪರೇಟರ್ ಆಗಿ! ಬೆಂಗಳೂರು ದಂಡಿನ ಟಾಕೀಸೊಂದರಲ್ಲಿ ಕಾರ್ಬನ್ ಕಡ್ಡಿ ಉರಿಸುತ್ತ, ಗೋಡೆಯ ಕಿಂಡಿಯಿಂದ ದಿನಕ್ಕೆ ಮೂರಾಟ ನೋಡಿದವರು.

2023ರ ಜೂನ್‌ನಲ್ಲಿ, ಎಪ್ಪತ್ತೆಂಟರ ವಯಸ್ಸಿನಲ್ಲಿ, ಅಪ್ಪ ನನ್ನ ಜೊತೆ ಜರ್ಮನಿಗೆ ಬಂದರು. ಸ್ಟುಟ್‌ಗಾರ್ಟ್‌ನಲ್ಲಿ ಅಣ್ಣನ ಸಂಸಾರವಿದೆ. ಬರಲು ಒಪ್ಪಿದ್ದೇ ದೊಡ್ಡದು. ಅಮ್ಮ ತೀರಿಕೊಂಡಾಗ ಅಣ್ಣ ವಿಮಾನ ಹಿಡಿದು ಊರು ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಆರು ವರ್ಷ, ಫೋನಿನಲ್ಲಿ ‘ಹ್ಞೂ’, ‘ಊಹ್ಞೂ’ ಬಿಟ್ಟರೆ ಅಪ್ಪ ಅವನೊಡನೆ ಮಾತಾಡಿರಲಿಲ್ಲ.

“ಎಲ್ಲಿಗೆ ಹೋಗೋಣ ಅಪ್ಪ?” ಅಂತ ಅಣ್ಣ ಕೇಳಿದ.

ಅಪ್ಪ ನನ್ನ ಕಡೆ ತಿರುಗಿ, “ಆ ಬೈಕ್ ಹಾರಿದ ಜಾಗ ಎಲ್ಲಿದೆ ಕೇಳು ಅವನನ್ನ” ಅಂದರು!

ಜಾಗ ಇರುವುದು ಬವೇರಿಯಾದ ದಕ್ಷಿಣ ತುದಿಯ ಫ್ಯೂಸೆನ್ ಊರಿನ ಹತ್ತಿರ. ಅಣ್ಣ ಹೆದ್ದಾರಿ ಬಿಟ್ಟು ಹಳ್ಳಿಗಾಡಿನ ‘ರೊಮ್ಯಾಂಟಿಕ್ ರಸ್ತೆ’ ಹಿಡಿದ. ಪ್ರವಾಸಿಗರಿಗಾಗಿ 1950ರಲ್ಲಿ ಈ ಹೆಸರಿಟ್ಟ ಹಾದಿ ವ್ಯೂರ್ಟ್ಸ್‌ಬುರ್ಗ್‌ನಿಂದ ಫ್ಯೂಸೆನ್‌ವರೆಗೆ ನಾನೂರು ಕಿಲೋಮೀಟರಿಗೂ ಹೆಚ್ಚು. ನಾವು ಸೇರಿಕೊಂಡದ್ದು ಅದರ ನಡುವೆ, ಡಿಂಕೆಲ್ಸ್‌ಬ್ಯೂಲ್‌ನಲ್ಲಿ. ಮುಂದೆ ಅಣ್ಣ, ಅತ್ತಿಗೆ. ಹಿಂದೆ ಅಪ್ಪ, ನಾನು, ಹತ್ತು ವರ್ಷದ ಪುಟ್ಟಿ.

ಡಿಂಕೆಲ್ಸ್‌ಬ್ಯೂಲ್ ಅಂದರೆ ಕೋಟೆಗೋಡೆಯೊಳಗಿನ ಹಳೇ ಪಟ್ಟಣ. ಚೂಪು ಚಾವಣಿಯ ಬಣ್ಣದ ಮನೆಗಳು, ಕಿಟಕಿ ಕಿಟಕಿಗೂ ಹೂವಿನ ಕುಂಡ. ನಿರ್ದೇಶಕ ವರ್ನರ್ ಹೆರ್ಜೋಗ್ ತಮ್ಮ 1974ರ ಕಾಸ್ಪರ್ ಹೌಸರ್ ಚಿತ್ರವನ್ನು ತೆಗೆದದ್ದು ಇಲ್ಲೇ. ಊರೊಳಗೆ ಬರುವಾಗ ಹಳದಿ ಫಲಕದಲ್ಲಿ ಊರ ಹೆಸರು, ಬಿಡುವಾಗ ಅದೇ ಹೆಸರಿನ ಮೇಲೆ ಕೆಂಪು ಗೀಟು. “ಶುಭಂ ಅಂತ ಕಾರ್ಡ್ ಹಾಕಿದ ಹಾಗಿದೆ” ಅಂದರು ಅಪ್ಪ. ಮಧ್ಯಾಹ್ನ ಚೀಸು ಬೆರೆಸಿದ ‘ಸ್ಪೆಟ್ಸ್‌ಲೆ’ ತಿಂದು, “ದಪ್ಪ ಶಾವಿಗೆ ಕಣೋ, ಒಗ್ಗರಣೆ ಒಂದು ಮರೆತಿದ್ದಾರೆ!”

ರಾತ್ರಿ ತಂಗಿದ್ದು ನೋರ್ಡ್ಲಿಂಗನ್‌ನಲ್ಲಿ. ಸುಮಾರು ಒಂದೂವರೆ ಕೋಟಿ ವರ್ಷದ ಹಿಂದೆ ಉಲ್ಕೆ ಬಿದ್ದು ಆದ ದೊಡ್ಡ ಕುಳಿಯೊಳಗೆ ಈ ಊರಿದೆ! ಚಂದ್ರನ ಕಲ್ಲು ಹೇಗಿದ್ದೀತು ಅಂತ ಕಲಿಯಲು ಅಪೋಲೋ ಗಗನಯಾತ್ರಿಗಳು 1970ರಲ್ಲಿ ಇಲ್ಲಿಗೇ ಬಂದಿದ್ದರು. ಸಿನಿಮಾದವರೂ ಬಂದರು. 1971ರ ‘ವಿಲ್ಲಿ ವೋಂಕಾ’ ಚಿತ್ರದ ಕೊನೆಗೆ ಗಾಜಿನ ಲಿಫ್ಟು ಆಕಾಶಕ್ಕೆ ಹಾರಿದಾಗ ಕೆಳಗೆ ಕಾಣುವ ಕೆಂಪು ಹೆಂಚಿನ ಊರು ಇದೇ.

ಇಲ್ಲಿಯ ಚರ್ಚಿನ ಗೋಪುರ 90 ಮೀಟರ್. ಪುಟ್ಟಿ ನನ್ನನ್ನು 350 ಮೆಟ್ಟಿಲು ಹತ್ತಿಸಿದಳು. ಮೇಲಿಂದ ನೋಡಿದರೆ ಊರು ತಟ್ಟೆಯ ಹಾಗೆ ದುಂಡಗೆ. ಕೆಳಗೆ ಒಂದು ಬೆಂಚು. ಈ ತುದಿಯಲ್ಲಿ ಅಪ್ಪ, ಆ ತುದಿಯಲ್ಲಿ ಅಣ್ಣ...

ಅದೇ ಗೋಪುರದಿಂದ ಕಾವಲುಗಾರ ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಅರ್ಧ ಗಂಟೆಗೊಮ್ಮೆ ಕೂಗು ಹಾಕುತ್ತಾನೆ. ಇದು ಹಳೇ ಕಾಲದ ವಾಡಿಕೆ. ಅಪ್ಪ ಕಿಟಕಿ ತೆರೆದು ಕೇಳಿದರು. “ಇವನೂ ಆಪರೇಟರೇ. ಕೆಲಸ ಗೊತ್ತಾಗುತ್ತೆ, ಮುಖ ಕಾಣಲ್ಲ.”

ಮರುದಿನ ಡೊನಾವ್ಯೋರ್ತ್‌ನಲ್ಲಿ ಡ್ಯಾನ್ಯೂಬ್ ದಾಟಿ, ಔಗ್ಸ್‌ಬುರ್ಗ್ ಹಾದು ದಕ್ಷಿಣಕ್ಕೆ ಬಂದೆವು. ಬಯಲಿನ ತುದಿಗೆ ಇದ್ದಕ್ಕಿದ್ದಂತೆ ಆಲ್ಪ್ಸ್! ಇಳಿಜಾರಿನಲ್ಲಿ ಕೊರಳಗಂಟೆಯ ಹಸುಗಳು. ಬೆಟ್ಟದ ಮೈಯಲ್ಲಿ ಎರಡನೇ ಲುಡ್ವಿಗ್ ರಾಜನ ಬಿಳಿ ಕೋಟೆ, ನೊಯ್‌ಶ್ವಾನ್‌ಸ್ಟೈನ್. “ಸೆಟ್ ಹಾಕಿದ ಹಾಗಿದೆಯಲ್ಲೋ!” ಅಂದರು ಅಪ್ಪ. ಅವರ ಕಣ್ಣು ಮೋಸ ಹೋಗಲಿಲ್ಲ. ಕೋಟೆಯ ಮೊದಲ ಚಿತ್ರಗಳನ್ನು ಬರೆದ ಕ್ರಿಸ್ಟಿಯಾನ್ ಯಾಂಕ್ ನಾಟಕದ ರಂಗಸಜ್ಜಿಕೆಯ ಕಲಾವಿದ! 1869ರಲ್ಲಿ ಶುರುವಾದ ಕೆಲಸ ಮುಗಿಯುವ ಮೊದಲೇ, 1886ರಲ್ಲಿ ರಾಜ ತೀರಿಕೊಂಡ.

ಫ್ಯೂಸೆನ್ ಹೊರಗೆ ಹುಲ್ಲುಗಾವಲಿನ ಪಕ್ಕ ಅಣ್ಣ ಕಾರು ನಿಲ್ಲಿಸಿದ. ಕಣ್ಣು ಹಾಯಿಸಿದಷ್ಟೂ ಹಸಿರು, ಕೊಯ್ದ ಹುಲ್ಲಿನ ವಾಸನೆ. ಅಪ್ಪ ಚಪ್ಪಲಿ ಬಿಟ್ಟು ನಿಂತರು.

ಅಣ್ಣ ಮೆಲ್ಲಗೆ ಅಂದ: “ಅಪ್ಪ, ಬೇಜಾರು ಮಾಡ್ಕೋಬೇಡಿ. ಬೇಲಿ ಹಾರಿದ್ದು ಮೆಕ್ವೀನ್ ಅಲ್ಲ. ಬಡ್ ಎಕಿನ್ಸ್ ಅಂತ ಅವನ ಡ್ಯೂಪು. ವಿಮೆಯವರ ಭಯಕ್ಕೆ ಮೆಕ್ವೀನ್‌ಗೆ ಬಿಡಲಿಲ್ಲ. ಉಳಿದ ಓಟದಲ್ಲಿ ಅವನೇ ಇದ್ದಾನೆ. ಅಟ್ಟಿಸಿಕೊಂಡು ಬರೋ ಜರ್ಮನ್ ಸೈನಿಕನ ವೇಷದಲ್ಲೂ ಓಡಿಸಿದ್ದಾನೆ. ನಿಜವಾದ ಘಟನೇಲಿ ಬೈಕೇ ಇರಲಿಲ್ಲ. ಕ್ಯಾಂಪ್ ಇದ್ದದ್ದೂ ಇಲ್ಲಲ್ಲ, ಇವತ್ತಿನ ಪೋಲೆಂಡಲ್ಲಿ. 1944ರ ಮಾರ್ಚಲ್ಲಿ 76 ಜನ ಸುರಂಗದಿಂದ ತಪ್ಪಿಸಿಕೊಂಡರು. ಪಾರಾದದ್ದು ಮೂರೇ ಜನ. ಸಿಕ್ಕಿಬಿದ್ದವರಲ್ಲಿ 50 ಜನರನ್ನ ಗುಂಡಿಟ್ಟು ಕೊಂದರು.”

ಅಪ್ಪ ಆ 50 ಜನಕ್ಕೋ ಎಂಬಂತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಣ್ಣನನ್ನೇ ನೋಡಿ ಅಂದರು:

“ಡ್ಯೂಪು ಅಂತ ನನಗೆ ಆಗಲೇ ಗೊತ್ತು ಕಣೋ. ಹಾರೋವಾಗ ಮುಖ ತೋರ್ಸಲ್ಲ. ನೂರು ಸಲ ನೋಡಿದೋನಿಗೆ ತಿಳಿಯಲ್ವಾ? ಅವನು ಹಾರಿದ ಜಾಗ ನೋಡಬೇಕು ಅಂತಲೇ ಬಂದೆ.”

ತುಸು ತಡೆದು, “ನಿಮ್ಮಮ್ಮನ ಆಸ್ಪತ್ರೆ ಖರ್ಚು ಎರಡು ವರ್ಷ ನೀನು ಕಳಿಸಿದ್ದೆ. ಊರಲ್ಲೆಲ್ಲ ನೋಡ್ಕೊಂಡೋನು ನಾನು ಅಂತ ಹೆಸರಾಯ್ತು. ನೀನು ಬರಲಿಲ್ಲ ಅಂತ ಸಿಟ್ಟು ಮಾಡಿದೆ, ಇದನ್ನ ಹೇಳಲಿಲ್ಲ” ಅಂದರು.

ಅಣ್ಣ ಕಾರಿನ ಬಾಗಿಲು ಹಿಡಿದು ತಲೆ ತಗ್ಗಿಸಿದ. ಅತ್ತಿಗೆ ಪುಟ್ಟಿಯನ್ನು ಹಸು ತೋರಿಸಲು ಕರೆದುಕೊಂಡು ಹೋದರು. ನಾನೂ ಅವರ ಹಿಂದೆ ಹೋದೆ.

ಊರಿಗೆ ಮರಳುವಾಗ ಅಪ್ಪ ಮುಂದಿನ ಸೀಟಿನಲ್ಲಿ ಕೂತಿದ್ದರು. “ಲೋ, ನಿಧಾನಕ್ಕೆ ಓಡ್ಸೋ” ಅಂತ ದಾರಿಯುದ್ದಕ್ಕೂ ಅಣ್ಣನಿಗೆ ಬೈಗುಳ!

ಗೆಳೆಯರೇ, ಇನ್ನೊಂದು ಸಲ ನಾಯಕ ಬೆಂಕಿಯೊಳಗೆ ಹಾರಿದಾಗ ಧಾರಾಳವಾಗಿ ಶಿಳ್ಳೆ ಹೊಡೆಯಿರಿ. ಒಂದು ಶಿಳ್ಳೆ ಮಾತ್ರ ಮುಖ ಕಾಣದವನಿಗೆ ಇರಲಿ.